ಜಕ್ಕನ ಜವ್ವನ

ಸಾವಿಲ್ಲದ ಕೆಲವರು ಮನುಷ್ಯರ ನಡುವೆಯೇ ಹೆಸರು ಮರೆಸಿಕೊಂಡು ಬದುಕುತ್ತಾರೆ. ಊರು ಬದಲಿಸುತ್ತಾರೆ, ವೇಷ ಬದಲಿಸುತ್ತಾರೆ, ಮುಪ್ಪು ಮಾತ್ರ ಅವರ ಹತ್ತಿರ ಸುಳಿಯುವುದಿಲ್ಲ. ಪುರಾಣದ ಕಥೆಯಂತೆ ಕೇಳಿಸಿದರೂ ಇದು 1989ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಷ್ಯಾಡೋರನ್’ ಎಂಬ ಆಟದ ಹಿನ್ನೆಲೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟವದು. ಅದರ ಜಗತ್ತಿಗೆ ಯುಗಗಳ ಲೆಕ್ಕವಿದೆ. ಒಂದು ಯುಗದಲ್ಲಿ ಮಾಯೆ ಉಕ್ಕುತ್ತದೆ, ಮುಂದಿನದರಲ್ಲಿ ಬತ್ತುತ್ತದೆ. ನಮ್ಮ ಚರಿತ್ರೆಯೆಲ್ಲ ನಡೆದದ್ದು ಮಾಯೆ ಬತ್ತಿದ ಐದನೇ ಯುಗದಲ್ಲಿ. ಆರನೆಯದು ಆಟದ ಪ್ರಕಾರ 2011ರಲ್ಲಿ ಶುರುವಾಯಿತು. ನಾಲ್ಕನೇ ಯುಗದ ಕಥೆಗೆಂದೇ ಷ್ಯಾಡೋರನ್ ತಂದ ಸಂಸ್ಥೆಯೇ 1993ರಲ್ಲಿ ‘ಅರ್ಥ್‌ಡಾನ್’ ಎಂಬ ಇನ್ನೊಂದು ಆಟ ತಂದಿತು. ಅಲ್ಲಿ ಹುಟ್ಟಿದ ಕೆಲವೇ ಎಲ್ಫ್‌ಗಳು, ಅಂದರೆ ಪಶ್ಚಿಮದ ಕಥೆಗಳ ಮಾಯಾಜೀವಿಗಳು, ನಡುವಿನ ಸುಮಾರು ಐದು ಸಾವಿರ ವರ್ಷ ಅಡಗಿ ಬದುಕಿ ಷ್ಯಾಡೋರನ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ಹಾರ್ಲಕ್ವಿನ್ ಎಂಬವನು ಮುಖಕ್ಕೆ ಬಣ್ಣ ಬಳಿದುಕೊಂಡೇ ತಿರುಗುತ್ತಾನೆ. ನಮ್ಮ ಕಡೆಯವರು ನೋಡಿದರೆ ಚೌಕಿಯಿಂದ ಎದ್ದು ಬಂದ ವೇಷಧಾರಿ ಎಂದೇ ತಿಳಿದಾರು.

ಎಲ್ಫ್ ಕನ್ನಡಕ್ಕೆ ಬಂದಾಗ ಅನುವಾದಕರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಕಿನ್ನರ ಎನ್ನುವವರಿದ್ದಾರೆ, ಗಂಧರ್ವ ಎನ್ನುವವರಿದ್ದಾರೆ. ಕಿನ್ನರನಿಗೆ ಕುದುರೆ ಮುಖ, ಗಂಧರ್ವನಿಗೆ ಹಾಡುವುದೇ ಕೆಲಸ, ಎರಡೂ ಸರಿಹೊಂದುವುದಿಲ್ಲ. ಮರದಲ್ಲಿ ನೆಲೆ, ನೀರಿನ ಕಾವಲು, ಮಣ್ಣಿನೊಳಗಿನ ಹೊನ್ನಿನ ಒಡೆತನ, ಮಾಸದ ಪ್ರಾಯ, ಮನುಷ್ಯನ ಮೇಲೆ ಒಂದು ಬಗೆಯ ಕುತೂಹಲ – ಇಷ್ಟೂ ಒಬ್ಬನಲ್ಲೇ ಸಿಗಬೇಕಾದರೆ ಯಕ್ಷನ ಹತ್ತಿರವೇ ಹೋಗಬೇಕು. ಅದರಲ್ಲೂ ಕನ್ನಡದ ಬಾಯಲ್ಲಿ ಸವೆದು ನುಣುಪಾದ ಜಕ್ಕನ ಹತ್ತಿರ.

ಯಕ್ಷ ಜಕ್ಕನಾದದ್ದು ಪ್ರಾಕೃತದ ದಾರಿಯಲ್ಲಿ. ಪದದ ಮೊದಲಲ್ಲಿ ನಿಂತ ಯಕಾರ ಆ ದಾರಿಯಲ್ಲಿ ಜಕಾರವಾಗುತ್ತದೆ: ಯೋಗಿ ಜೋಗಿಯಾದ, ಯಾತ್ರೆ ಜಾತ್ರೆಯಾಯಿತು, ಯಂತ್ರ ಜಂತ್ರವಾಯಿತು. ಕ್ಷಕಾರ ಕಕಾರದ ಒತ್ತಾಗುತ್ತದೆ, ರಾಕ್ಷಸ ರಕ್ಕಸನಾದ ಹಾಗೆ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವೊಂದನ್ನು ಮೀಸಲಿಟ್ಟ. ಇದೇ ಬಾಗಿಲಿನಲ್ಲಿ ಇನ್ನೂ ಇಬ್ಬರು ಒಳಗೆ ಬಂದರು. ಯೌವನ ಜವ್ವನವಾಯಿತು, ಯಮ ಜವನಾದ. ಜಕ್ಕ, ಜವ್ವನ, ಜವ: ಮೂರು ಮಾತಿನ ನಂಟು ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

ವೇದದ ಕಾಲದಲ್ಲಿ ‘ಯಕ್ಷ’ ನಪುಂಸಕಲಿಂಗದ ಮಾತು. ಒಬ್ಬ ವ್ಯಕ್ತಿಯಲ್ಲ, ಥಟ್ಟನೆ ಕಣ್ಣೆದುರು ನಿಂತು ಬೆರಗಾಗಿಸುವ ಏನೋ ಒಂದು. ಅಥರ್ವವೇದದ ಒಂದು ಸೂಕ್ತ ಜಗತ್ತಿನ ನಡುವೆ, ನೀರಿನ ಮೇಲೆ ಇರುವ ಮಹಾಯಕ್ಷವನ್ನು ಕಲ್ಪಿಸುತ್ತದೆ. ಕಾಂಡದ ಸುತ್ತ ಕೊಂಬೆಗಳು ನಿಂತಂತೆ ದೇವತೆಗಳೆಲ್ಲ ಅದನ್ನು ಆತುಕೊಂಡಿದ್ದಾರೆ. ಮರವೂ ನೀರೂ ಮೊದಲ ದಿನದಿಂದಲೇ ಈ ಪದದ ಜೊತೆಗಿವೆ. ಕೇನೋಪನಿಷತ್ತಿನಲ್ಲಿ ಗೆಲುವಿನಿಂದ ಬೀಗುತ್ತಿದ್ದ ದೇವತೆಗಳ ಎದುರು ಒಂದು ಯಕ್ಷ ಕಾಣಿಸುತ್ತದೆ. ಅದು ಇಟ್ಟ ಹುಲ್ಲುಕಡ್ಡಿಯನ್ನು ಅಗ್ನಿ ಸುಡಲಾರ, ವಾಯು ಅಲುಗಿಸಲಾರ. ಇಂದ್ರ ಹತ್ತಿರ ಹೋದರೆ ಅದು ಮಾಯ. ಈ ಯಕ್ಷಕ್ಕೆ ಮೈ ಬಂದು, ಗಂಡು ಹೆಣ್ಣೆಂಬ ಭೇದ ಬಂದು, ಹೆಸರು ಬರುವುದು ಆಮೇಲಿನ ಮಾತು. ಕ್ರಿಸ್ತಪೂರ್ವ ಎರಡನೇ ಶತಮಾನದ ಭಾರಹುತ ಸ್ತೂಪದ ಕಟಾಂಜನದ ಕಂಬಗಳಲ್ಲಿ ಯಕ್ಷಯಕ್ಷಿಯರು ಆಳೆತ್ತರಕ್ಕೆ ನಿಂತಿದ್ದಾರೆ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅವರವರ ಹೆಸರು. ಅಲ್ಲಿನ ಚಂದ್ರಾ ಎಂಬ ಯಕ್ಷಿ ಮರದ ಕಾಂಡವನ್ನು ತೋಳಲ್ಲೂ ಕಾಲಲ್ಲೂ ತಬ್ಬಿಕೊಂಡಿದ್ದಾಳೆ. ಬೇಲೂರಿನ ಮದನಿಕೆಯರ ದೂರದ ಮುತ್ತಜ್ಜಿ ಎಂದು ಅವಳನ್ನು ಕರೆಯಲು ನನಗೇನೂ ಸಂಕೋಚವಿಲ್ಲ.

ಪದದ ಹುಟ್ಟಿನ ಬಗ್ಗೆ ರಾಮಾಯಣದ ಉತ್ತರಕಾಂಡಕ್ಕೆ ತನ್ನದೇ ಲೆಕ್ಕಾಚಾರವಿದೆ. ಬ್ರಹ್ಮ ನೀರನ್ನು ಸೃಷ್ಟಿಸಿ, ಅದನ್ನು ಕಾಯಲು ಜೀವಿಗಳನ್ನೂ ಸೃಷ್ಟಿಸಿದ. ‘ರಕ್ಷಾಮ’ ಎಂದವರು ರಾಕ್ಷಸರಾದರು, ‘ಯಕ್ಷಾಮ’ ಎಂದವರು ಯಕ್ಷರಾದರು. ವ್ಯಾಕರಣದವರು ಇದನ್ನು ಒಪ್ಪಲಿಕ್ಕಿಲ್ಲ. ಯಕ್ಷ ಮೊದಲು ನೀರುಗಂಟಿ ಎಂಬ ನೆನಪು ಮಾತ್ರ ಇದರೊಳಗೆ ಗಟ್ಟಿಯಾಗಿ ಉಳಿದಿದೆ. ಆನಂದ ಕುಮಾರಸ್ವಾಮಿ 1928 ಮತ್ತು 1931ರಲ್ಲಿ ಎರಡು ಭಾಗಗಳಲ್ಲಿ ಯಕ್ಷರ ಬಗ್ಗೆ ಪುಸ್ತಕ ಬರೆದಾಗ ಎರಡನೇ ಭಾಗದ ಬಹುಪಾಲನ್ನು ನೀರಿಗೇ ಕೊಟ್ಟರು.

ಆ ನೆನಪು ನಮ್ಮ ಜಿಲ್ಲೆಯ ನಲ್ಲಿಗಳಲ್ಲಿ ಇದೆಯೋ ಏನೋ. ಚಿಕ್ಕಬಳ್ಳಾಪುರಕ್ಕೂ ದೊಡ್ಡಬಳ್ಳಾಪುರಕ್ಕೂ ಕುಡಿಯುವ ನೀರು ಕೊಡುವ ಜಲಾಶಯದ ಹೆಸರು ಜಕ್ಕಲಮಡಗು. ‘ಮಡುಗು’ ತೆಲುಗಿನ ಮಾತು, ಕನ್ನಡದ ಮಡುವಿಗೆ ಒಡಹುಟ್ಟು. ಇನ್ನು ‘ಜಕ್ಕಲ’? ಜಕ್ಕರ ಮಡು ಎಂದು ಬಿಡಿಸಿದರೆ ಯಕ್ಷರು ನೀರು ಕಾಯುವ ಹಳೆಯ ಕಥೆಗೆ ಸೊಗಸಾಗಿ ಕೂಡಿಕೊಳ್ಳುತ್ತದೆ. ಸೊಗಸಾಗಿ ಕೂಡಿಕೊಳ್ಳುವ ನಿಷ್ಪತ್ತಿಯನ್ನು ಕಂಡರೆ ಪದ ಹುಡುಕುವವನು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ತೆಲುಗು ಸೀಮೆಯಲ್ಲಿ ಜಕ್ಕುಲ ಎಂಬ ಹಾಡಿ ಕುಣಿಯುವ ಸಮುದಾಯವಿತ್ತು. ಅವರು ಬೀಡುಬಿಟ್ಟ ಜಾಗವೂ ಜಕ್ಕಲಮಡುಗು ಆಗಬಹುದು. ಕನ್ನಡದಲ್ಲಿ ಜಕ್ಕವಕ್ಕಿಯೂ ಇದೆ. ಅದು ಚಕ್ರವಾಕದ ತದ್ಭವ, ಚಳಿಗಾಲಕ್ಕೆ ಉತ್ತರದಿಂದ ನಮ್ಮ ಕೆರೆಗಳಿಗೆ ಇಳಿಯುವ ಹಳದಿಗೆಂಪು ಬಾತು. ಹಕ್ಕಿಗೂ ಯಕ್ಷನಿಗೂ ಸಂಸ್ಕೃತದಲ್ಲಿ ಒಂದಕ್ಷರದ ನಂಟೂ ಇಲ್ಲ, ಕನ್ನಡಕ್ಕೆ ಬಂದ ಮೇಲೆ ಇಬ್ಬರೂ ಜಕ್ಕರೇ. ‘ಮೇಘದೂತ’ದ ಯಕ್ಷ ದೂರದ ಹೆಂಡತಿಯನ್ನು ಜೊತೆ ಅಗಲಿದ ಚಕ್ರವಾಕಿಗೆ ಹೋಲಿಸುತ್ತಾನೆ. ಆ ಮಾತಿನೊಳಗಿನ ಶ್ಲೇಷೆ ಕಾಳಿದಾಸನಿಗೆ ದಕ್ಕಲಿಲ್ಲ, ತದ್ಭವವಿರುವ ನಮಗೆ ಪುಕ್ಕಟೆಯಾಗಿ ಸಿಕ್ಕಿದೆ. ಜಲಾಶಯದ ಹೆಸರಿನಲ್ಲಿರುವವರು ಯಕ್ಷರೋ ಹಾಡುಗಾರರೋ ಹಕ್ಕಿಗಳೋ ಎಂದು ತೀರ್ಮಾನಿಸಲು ಆ ಜಾಗದ ಹಳೆಯ ಶಾಸನವೋ ಕೈಫಿಯತ್ತೋ ಬೇಕು. ಅಲ್ಲಿಯವರೆಗೆ ಮೂವರಿಗೂ ಆ ನೀರಿನಲ್ಲಿ ಪಾಲಿರಲಿ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಯಕ್ಷನ ಹೆಸರು ಹೇಳುವವರಿಲ್ಲ. ಉತ್ತರ ಪಿನಾಕಿನಿಯ ದಡ, ಸಾಲುಸಾಲು ನಾಗರಕಲ್ಲು, ವಿದುರ ನೆಟ್ಟನೆನ್ನುವ ಅರಳಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಮಹಾಭಾರತದ ಕಥೆ ಬಲ್ಲವರು ಮಾತ್ರ ಇಲ್ಲಿ ಒಂದು ನಂಟು ಹಿಡಿಯಬಹುದು. ಆರಣ್ಯಪರ್ವದಲ್ಲಿ ಕೊಳದ ನೀರಿಗೆ ಅಡ್ಡ ನಿಂತು, ಉತ್ತರ ಹೇಳಿ ಕುಡಿ ಎಂದ ಯಕ್ಷ ಕೊನೆಗೆ ತನ್ನ ನಿಜರೂಪ ತೋರಿದಾಗ ಯಾರಾಗಿದ್ದ? ಯಮಧರ್ಮ. ಮಾಂಡವ್ಯನ ಶಾಪದಿಂದ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ವಿದುರ ಯಾರು? ಅದೇ ಯಮಧರ್ಮ. ಜವನೇ ಜಕ್ಕನ ವೇಷದಲ್ಲಿ ಕೊಳ ಕಾದ, ಜವನೇ ವಿದುರನಾಗಿ ಹಸ್ತಿನಾವತಿಯಲ್ಲಿ ಬುದ್ಧಿ ಹೇಳಿ ಯಾರೂ ಕೇಳದೆ ಸೋತ. ವಿದುರನ ಕೊನೆಯೂ ಮರದ ಹತ್ತಿರವೇ. ಆಶ್ರಮವಾಸಿಕ ಪರ್ವದಲ್ಲಿ ಅವನು ಕಾಡಿನೊಳಗೆ ಓಡುತ್ತಾನೆ, ಧರ್ಮರಾಯ ಬೆನ್ನುಹತ್ತುತ್ತಾನೆ. ಒಂದು ಮರಕ್ಕೆ ಒರಗಿ ನಿಂತ ವಿದುರ ರೆಪ್ಪೆ ಮಿಟುಕಿಸದೆ ನೋಡುತ್ತ ನೋಡುತ್ತ ಧರ್ಮರಾಯನೊಳಗೆ ಸೇರಿಹೋಗುತ್ತಾನೆ. ಒಡಲು ಮರಕ್ಕೆ ಒರಗಿಕೊಂಡೇ ಉಳಿಯುತ್ತದೆ. ಎಲ್ಫ್ ಕಥೆಗಳಲ್ಲಿ ಮರವೂ ಅಮರತ್ವವೂ ಒಟ್ಟಿಗೇ ಬರುತ್ತವೆ. ಇಲ್ಲಿ ಮರದಡಿ ನಿಂತವನು ಸಾವಿನ ಒಡೆಯ, ಅವನಿಗೂ ಸಾವು ತಪ್ಪಲಿಲ್ಲ.

ಮರಕ್ಕೂ ತಪ್ಪಲಿಲ್ಲ. ಅಶ್ವತ್ಥವನ್ನು ‘ನಾಳೆಗೆ ನಿಲ್ಲದ್ದು’ ಎಂದು ಹಳಬರು ಬಿಡಿಸುತ್ತಾರೆ, ಗೀತೆಯ ಹದಿನೈದನೇ ಅಧ್ಯಾಯ ಅದನ್ನೇ ಅವ್ಯಯ ಎನ್ನುತ್ತದೆ. ವಿದುರಾಶ್ವತ್ಥದ ಹಳೆಯ ಮರ 2001ರಲ್ಲಿ ಉರುಳಿತು. ಅದಕ್ಕೂ ಮೊದಲು, 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಬಿದ್ದವರ ಸ್ಮಾರಕ ಅಲ್ಲಿದೆ, ವೀರಸೌಧವೂ ಇದೆ. ಅವರನ್ನು ನೆನೆಯುವಾಗ ಭಾಷಣಗಳಲ್ಲಿ ತಪ್ಪದೆ ಬರುವ ಮಾತು ‘ಅಮರರಾದರು’. ಕನ್ನಡದಲ್ಲಿ ಅಮರನಾಗಬೇಕಾದರೆ ಮೊದಲು ಸಾಯಬೇಕು. ಬದುಕಿರುವವನನ್ನು ಅಮರ ಎಂದರೆ ಅವನ ಮನೆಯವರು ಜಗಳಕ್ಕೆ ಬಂದಾರು.

ಈ ಕಡೆಯಿಂದ ನೋಡಿದರೆ ಆಟದ ಪುಸ್ತಕಗಳು ಅಮರ ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿ ಬೆರೆಸಿವೆ ಅನಿಸುತ್ತದೆ. ಅಮರಸಿಂಹನ ಕೋಶ ದೇವತೆಗಳ ಹೆಸರುಪಟ್ಟಿಯನ್ನು ತೆರೆಯುವುದೇ ಅಮರ, ನಿರ್ಜರ ಎಂಬ ಎರಡು ಮಾತುಗಳಿಂದ. ಸಾವಿಲ್ಲದವನು ಬೇರೆ, ಮುಪ್ಪಿಲ್ಲದವನು ಬೇರೆ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ನನ ಎಲ್ಫ್‌ಗಳಿಗೆ ರೋಗವಿಲ್ಲ, ಮುಪ್ಪಿಲ್ಲ; ಕತ್ತಿ ತಗುಲಿದರೆ ಒಡಲು ಬೀಳುತ್ತದೆ. ನಿಘಂಟಿನ ಲೆಕ್ಕದಲ್ಲಿ ಅವರು ನಿರ್ಜರರು. ಯಕ್ಷನೂ ಹಾಗೆಯೇ. ಗಂಧಮಾದನದಲ್ಲಿ ಭೀಮನ ಗದೆಗೆ ಸಿಕ್ಕಿ ಸತ್ತ ಯಕ್ಷರಿಗೆ ಲೆಕ್ಕವಿಲ್ಲ. ಅಮರಕೋಶ ಅವರನ್ನು ವಿದ್ಯಾಧರ, ಅಪ್ಸರೆ, ಕಿನ್ನರ, ಪಿಶಾಚರ ಜೊತೆ ದೇವಯೋನಿಗಳು ಎಂದು ಬೇರೆ ಪಂಕ್ತಿಯಲ್ಲಿ ಕೂರಿಸಿದೆ. ದೇವರ ಕಡೆಯವರು, ದೇವರಲ್ಲ.

ಕಾಳಿದಾಸನ ಅಲಕೆಯಲ್ಲಿ ಯಕ್ಷರಿಗೆ ಜವ್ವನದ ಹೊರತು ಬೇರೆ ಪ್ರಾಯವೇ ಇಲ್ಲ. ಅಂಥ ಊರಿನವನಿಗೆ ಕುಬೇರ ಕೊಟ್ಟ ಶಿಕ್ಷೆ ಒಂದೇ ವರ್ಷದ ಅಗಲಿಕೆ. ಮುಪ್ಪಿಲ್ಲದವನಿಗೆ ಒಂದು ವರ್ಷ ಎಷ್ಟರ ಮಾತು? ಅವನ ಗೋಳು ನೋಡಿದರೆ ನೂರು ವರ್ಷ ಬಾಳುವ ನಮಗಿಂತ ಹೆಚ್ಚು. ಬೇಂದ್ರೆಯವರು ಅದನ್ನು ‘ಕನ್ನಡ ಮೇಘದೂತ’ವಾಗಿಸಿದಾಗ ಆ ಯಕ್ಷ ಧಾರವಾಡದ ಮಳೆಯನ್ನೇ ನೋಡಿ ಕಣ್ಣೀರಿಟ್ಟಂತೆ ಕೇಳಿಸುತ್ತದೆ. ಐದು ಸಾವಿರ ವರ್ಷ ಅಡಗಿ ಬದುಕಿದ ಆಟದ ಎಲ್ಫ್‌ಗಳನ್ನು ನಾನು ಅಷ್ಟಾಗಿ ನಂಬದಿರುವುದು ಇದರಿಂದಲೇ. ಅವರಿಗೆ ರಹಸ್ಯಗಳಿವೆ, ಹಳೆಯ ಸೇಡುಗಳಿವೆ. ಆಷಾಢದ ಮೊದಲ ಮೋಡ ಕಂಡು ಕುಸಿದು ಕೂರುವ ದೌರ್ಬಲ್ಯವಿಲ್ಲ.

ಜೈನರು ಯಕ್ಷನಿಗೆ ಆಯುಷ್ಯದ ಪಟ್ಟಿಯನ್ನೇ ಬರೆದರು. ಅವರ ಶಾಸ್ತ್ರದಲ್ಲಿ ಯಕ್ಷರು ವ್ಯಂತರ ದೇವತೆಗಳಲ್ಲೊಂದು ಬಗೆ. ಆಯಸ್ಸು ಕನಿಷ್ಠ 10,000 ವರ್ಷ, ಗರಿಷ್ಠ ಎಣಿಸಲಾಗದಷ್ಟು ದೊಡ್ಡ ಪಲ್ಯೋಪಮ ಎಂಬ ಅಳತೆ, ಆಮೇಲೆ ಮತ್ತೆ ಹುಟ್ಟು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ 1974ರ ಮೂಲ ಆಟದ ಈಚಿನ ನಿಯಮಪುಸ್ತಕ ಎಲ್ಫ್‌ಗೆ 750 ವರ್ಷ ಆಯುಷ್ಯ ಬರೆದಿರುವುದನ್ನು ಕಂಡಾಗ ನನಗೆ ಈ ಪಟ್ಟಿಯೇ ನೆನಪಾಗುತ್ತದೆ. ಅಳೆಯುವ ಚಟ ಇಬ್ಬರಿಗೂ ಒಂದೇ, ನಮ್ಮವರ ಕೈ ಮಾತ್ರ ಧಾರಾಳ. ಕನ್ನಡ ನಾಡಿನಲ್ಲಿ ಯಕ್ಷಿಗೆ ಸಿಕ್ಕ ಮನ್ನಣೆಗೆ ಕಾರಣ ಆಯುಷ್ಯವಲ್ಲ. ಮುಕ್ತಿ ಪಡೆದ ತೀರ್ಥಂಕರ ಯಾರ ಮೊರೆಗೂ ಓಗೊಡುವುದಿಲ್ಲ, ಅವನಿಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಮಗುವಿಗೆ ಜ್ವರ ಬಂದರೆ ಕರೆದರೆ ಬರುವವರು ಬೇಕಲ್ಲ. ಹೊಂಬುಜದ ಪದ್ಮಾವತಿ, ಬೆಳಗೊಳದ ಕೂಷ್ಮಾಂಡಿನಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಆ ಕೆಲಸಕ್ಕೆ ನಿಂತರು. ಇಂದ್ರನಂದಿ 939ರಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಕೂತು ಜ್ವಾಲಾಮಾಲಿನಿಯ ಪೂಜಾಕಲ್ಪವನ್ನೇ ಬರೆದು ಮುಗಿಸಿದ.

ಜನ ತಮ್ಮ ಹೆಣ್ಣುಮಕ್ಕಳಿಗೂ ಯಕ್ಷಿಯ ಹೆಸರಿಟ್ಟರು. ಜಕ್ಕವ್ವೆ, ಜಕ್ಕಣಬ್ಬೆ, ಜಕ್ಕಲೆ ಎಂಬ ಹೆಸರುಗಳು ಶಾಸನಗಳಲ್ಲಿ ಸಿಗುತ್ತವೆ. ಅವರಲ್ಲಿ ಜಕ್ಕಿಯಬ್ಬೆಯ ಕಥೆ ಬಿಟ್ಟು ಮುಂದೆ ಹೋಗಲಾಗದು. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ರಾಷ್ಟ್ರಕೂಟರ ಅಧೀನದಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಅವಳೇ ಆಳಿದಳು. ರೋಗ ಬಂದು ಮೈ ಕುಂದಿದಾಗ ಮಗಳಿಗೆ ಅಧಿಕಾರ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ಹಿಡಿದು ಪ್ರಾಣ ಬಿಟ್ಟಳು. ಮುಪ್ಪಿಲ್ಲದವಳ ಹೆಸರು ಹೊತ್ತವಳು ಸಾವನ್ನು ದಿನ ಗೊತ್ತುಮಾಡಿ ಬರಮಾಡಿಕೊಂಡಳು. ಅವಳಿಗಿಂತ ತುಸು ಹಿಂದೆ, 899ರಲ್ಲಿ, ಇಂಗ್ಲೆಂಡಿನಲ್ಲಿ ಸತ್ತ ರಾಜ ಆಲ್‌ಫ್ರೆಡ್. ಅವನ ಹೆಸರಿನ ಮೊದಲರ್ಧವೂ ‘ಎಲ್ಫ್’ ಪದವೇ. ಎಲ್ಫ್‌ಗಳ ಬುದ್ಧಿವಾದ ಪಡೆದವನು ಎಂದು ಅರ್ಥ. ಕಡಲಾಚೆಯೂ ಈಚೆಯೂ ಒಂದೇ ಕಾಲದಲ್ಲಿ ತಾಯಂದಿರು ಕಣ್ಣಿಗೆ ಕಾಣದವರ ಹೆಸರನ್ನು ತೊಟ್ಟಿಲಲ್ಲಿ ಕರೆಯುತ್ತಿದ್ದರು. ಹೆದರಿಕೆಯೂ ಎರಡೂ ಕಡೆ ಇತ್ತು. ಅಲ್ಲಿ ಏಕಾಏಕಿ ಬಂದ ನೋವನ್ನು ಎಲ್ಫ್ ಎಸೆದ ಬಾಣ ಎನ್ನುತ್ತಿದ್ದರು. ಇಲ್ಲಿ ಜಕ್ಕಿಣಿ ಹಿಡಿಯುತ್ತಿದ್ದಳು.

ಆ ಜಕ್ಕಿಣಿ ಯಾರು ಎಂದು ಉತ್ತರ ಕರ್ನಾಟಕದ ಅಜ್ಜಿಯರನ್ನು ಕೇಳಬೇಕು. ಗಂಡ ಇರುವಾಗಲೇ, ಆಸೆ ತೀರದೆ ತೀರಿಕೊಂಡ ಹೆಂಡತಿ. ಮನೆಗೆ ಎರಡನೆಯವಳು ಬಂದಾಗ ಮೊದಲನೆಯವಳು ಹೊಸ್ತಿಲಲ್ಲಿ ನಿಂತಿರುತ್ತಾಳೆ. ಅವಳಿಗೆ ಸೀರೆ ಕುಪ್ಪಸ ಇಟ್ಟು, ಎಡೆ ಹಾಕಿ, ಮುನಿಯಬೇಡವ್ವ ಎನ್ನಬೇಕು. ಮರಾಠಿಯಲ್ಲಿ ಇವಳೇ ಜಖೀಣ. ಹಿಮಾಲಯದಾಚೆಯ ಅಲಕೆಯಲ್ಲಿ ಹೊನ್ನಿನ ಪುಡಿಯಲ್ಲಿ ಮಣಿ ಹುದುಗಿಸಿ ಆಡುತ್ತಿದ್ದ ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪದದ ಬಾಳಿನಲ್ಲಿ ಇಷ್ಟು ದೊಡ್ಡ ಇಳಿತ ನಾನು ಬೇರೆಲ್ಲೂ ಕಂಡಿಲ್ಲ. ಇಳಿತ ಎನ್ನುವುದು ಸರಿಯೋ, ಸಂಸಾರಕ್ಕೆ ಸೇರಿದಳು ಎನ್ನಬೇಕೋ. ಟೋಲ್ಕಿನ್ನನ ಎಲ್ಫ್‌ಗಳು ಮನುಷ್ಯರ ಕಾಲ ಬಂತೆಂದು ಹಡಗು ಹತ್ತಿ ಪಡುವಣಕ್ಕೆ ಹೊರಟುಹೋಗುತ್ತಾರೆ. ಜಕ್ಕಿಣಿ ಮನೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಕಾಸರಗೋಡು ದಾಟಿ ತೆಂಕಲಿಗೆ ಹೋದರೆ ಯಕ್ಷಿ ತಾಳೆಮರ ಹತ್ತಿ ರಕ್ತ ಹೀರುತ್ತಾಳೆ, ಲಂಕೆಯಲ್ಲಿ ಯಕ್ಕ ರೋಗ ತರುವ ದೆವ್ವ. ನಮ್ಮವಳು ಇವರೆಲ್ಲರಿಗಿಂತ ಮೆದು.

ಯಕ್ಷಗಾನದ ಯಕ್ಷ ಎಲ್ಲಿಂದ ಬಂದ ಎಂಬ ಜಗಳದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಗ್ಗಳ ತನ್ನ 1189ರ ‘ಚಂದ್ರಪ್ರಭಪುರಾಣ’ದಲ್ಲಿ ಹೇಳುವ ಎಕ್ಕಲಗಾಣವೇ ಅದರ ಹಳೆಯ ರೂಪ ಎಂದು ಒಂದು ಪಕ್ಷ, ತೆಲುಗಿನ ಜಕ್ಕುಲರ ಹಾಡೇ ಯಕ್ಷಗಾನ ಎಂದು ಇನ್ನೊಂದು. ‘ಕ್ರೀಡಾಭಿರಾಮಮು’ ಕಾವ್ಯದ ಓರುಗಲ್ಲಿನ ಬೀದಿಯಲ್ಲಿ ಜಕ್ಕುಲ ಹೆಂಗಸೊಬ್ಬಳು ಹಾಡುತ್ತಾಳೆ. ಎರಡು ಭಾಷೆಯ ಗಡಿಯಲ್ಲಿ ಕೂತ ಗೌರಿಬಿದನೂರಿನವರಿಗೆ ಎರಡನೆಯದೇ ರುಚಿಸೀತು. ಕರಾವಳಿಯವರು ಒಪ್ಪುವುದು ಕಷ್ಟ.

ಇನ್ನೊಂದು ಅರ್ಥ ಮಾತ್ರ ಪೂರಾ ನಮ್ಮದು. ಕನ್ನಡದಲ್ಲಿ ‘ಯಕ್ಷಿಣಿ’ ಎಂದರೆ ಜಾದೂ. ತಂತ್ರದ ಪುಸ್ತಕಗಳಲ್ಲಿ ಯಕ್ಷಿಣಿಯನ್ನು ಒಲಿಸಿಕೊಂಡವನಿಗೆ ಅಂಜನ, ಅದೃಶ್ಯವಾಗುವ ವಿದ್ಯೆ, ಹುಗಿದ ನಿಧಿ ಸಿಗುತ್ತಿದ್ದವು. ಸಾಧನೆ ಮರೆಯಾಯಿತು, ಕೈಚಳಕ ಉಳಿಯಿತು. ಟೋಪಿಯಿಂದ ಪಾರಿವಾಳ ತೆಗೆಯುವವನು ಯಕ್ಷಿಣಿಗಾರನಾದ. ಶಾಲೆಯ ಬಯಲಿನಲ್ಲಿ ಯಕ್ಷಿಣಿ ಪ್ರದರ್ಶನ ಎಂಬ ಬಟ್ಟೆ ಕಟ್ಟಿದರೆ ಭಾರಹುತದ ಆ ಹೆಂಗಸನ್ನು ನೆನೆಯುವವರು ಯಾರಿದ್ದಾರೆ?

ಪದದ ಈಚಿನ ವಾಸ ಪತ್ರಿಕೆಗಳ ತಲೆಬರಹದಲ್ಲಿ. ‘ಯಕ್ಷಪ್ರಶ್ನೆ’ ಎಂದರೆ ಈಗ ಉತ್ತರ ಸಿಗದ ಪ್ರಶ್ನೆ. ಮಹಾಭಾರತದಲ್ಲಿ ಯಕ್ಷ ಕೇಳಿದ ಒಂದು ಪ್ರಶ್ನೆಯೂ ಉತ್ತರವಿಲ್ಲದೆ ಉಳಿಯಲಿಲ್ಲ. ದೊಡ್ಡ ಅಚ್ಚರಿ ಯಾವುದು ಎಂದು ಕೇಳಿದ್ದಕ್ಕೂ ಧರ್ಮರಾಯನ ಹತ್ತಿರ ಉತ್ತರವಿತ್ತು: ದಿನವೂ ಜನ ಸಾಯುವುದನ್ನು ಕಂಡೂ ಉಳಿದವರು ತಾವು ಉಳಿಯುತ್ತೇವೆ ಎಂದುಕೊಳ್ಳುವುದು. ಉತ್ತರ ಮುಗಿದ ಮೇಲೆ, ಉತ್ತರಿಸದೆ ನೀರು ಕುಡಿದು ಸತ್ತುಬಿದ್ದಿದ್ದ ನಾಲ್ವರು ತಮ್ಮಂದಿರೂ ಎದ್ದು ಕೂತರು. ಪತ್ರಿಕೆಯವರ ಯಕ್ಷ ಬೇರೆ ಜಾತಿಯವನು. ಎತ್ತಿನಹೊಳೆಯಿಂದ 24 ಟಿಎಂಸಿ ನೀರು ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನೀಗಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಕೆರೆಗೆ ಆ ನೀರು ಯಾವಾಗ ಎಂಬುದು ಈ ಸೀಮೆಯಲ್ಲಿ ಯಕ್ಷಪ್ರಶ್ನೆಯೇ. ಒಂದೇ ವ್ಯತ್ಯಾಸ, ಆರಣ್ಯಪರ್ವದಲ್ಲಿ ನೀರು ಕಾಯುವವನು ಪ್ರಶ್ನೆ ಕೇಳುತ್ತಿದ್ದ. ಇಲ್ಲಿ ಕೇಳುವವರು ಬಾಯಾರಿದವರು.